ಪರದೆಯ ಮೇಲಿನ ಸಂಖ್ಯೆ ಎಲ್ಲಿಂದ ಬಂತು?

ನಾರ್ವೆಯ ಸ್ಟಾವಂಗರ್ ನಗರದ ಬಳಿ ಗಾಂಡ್ಸ್‌ಫ್ಯೋರ್ಡ್ ಎಂಬ ಆಳವಾದ ಕಡಲ ಚಾಚು ಇದೆ. 1991ರ ಆಗಸ್ಟ್ 23ರಂದು ಅಲ್ಲಿ ತೇಲುತ್ತಿದ್ದ ಬೃಹತ್ ಕಾಂಕ್ರೀಟ್ ರಚನೆಯೊಂದು ಕೆಲವೇ ನಿಮಿಷಗಳಲ್ಲಿ ಮುಳುಗಿಹೋಯಿತು. ಉತ್ತರ ಸಮುದ್ರದ ಅನಿಲ ನಿಕ್ಷೇಪವೊಂದಕ್ಕೆಂದು ಕಟ್ಟಲಾಗಿದ್ದ ‘ಸ್ಲೈಪ್ನರ್ ಎ’ ವೇದಿಕೆಯ ತಳಭಾಗ ಅದು. ಒಂದಕ್ಕೊಂದು ಅಂಟಿಕೊಂಡ 24 ಕಾಂಕ್ರೀಟ್ ಕೋಶಗಳು. ಅವುಗಳಲ್ಲಿ ನಾಲ್ಕು ಮೇಲಕ್ಕೆ ಬೆಳೆದು ವೇದಿಕೆಯನ್ನು ಹೊರಬೇಕಾಗಿದ್ದ ಕಂಬಗಳು. ಮೇಲಿನ ಅಟ್ಟಣೆಯನ್ನು ಕೂರಿಸುವ ಮುನ್ನ ಕೋಶಗಳೊಳಗೆ ನೀರು ತುಂಬಿ ರಚನೆಯನ್ನು ನಿಧಾನವಾಗಿ ಕೆಳಗಿಳಿಸಲಾಗುತ್ತಿತ್ತು. ಒಂದು ಹಂತದಲ್ಲಿ ಒಳಗೋಡೆ ಬಿರಿಯಿತು. ನುಗ್ಗಿದ ನೀರನ್ನು ಹೊರಹಾಕಲು ಪಂಪುಗಳಿಗೆ ಸಾಧ್ಯವಾಗಲಿಲ್ಲ. ಮೇಲಿದ್ದವರೆಲ್ಲರೂ ಪಾರಾದರು. ರಚನೆ ಮಾತ್ರ ಸುಮಾರು 220 ಮೀಟರ್ ಆಳದ ತಳಕ್ಕೆ ಬಿದ್ದು ಪುಡಿಯಾಯಿತು. ಆ ಹೊಡೆತವನ್ನು ಭೂಕಂಪ ಮಾಪಕಗಳು ರಿಕ್ಟರ್ ಮಾಪನದಲ್ಲಿ 3ರ ಕಂಪನವೆಂದು ದಾಖಲಿಸಿದವು. ನಷ್ಟ ಸುಮಾರು 70 ಕೋಟಿ ಡಾಲರ್ ಎಂದು ಅಂದಾಜಾಯಿತು.

ತನಿಖೆಯಲ್ಲಿ ಹೊರಬಿದ್ದ ಸಂಗತಿ ಎಂಜಿನಿಯರಿಂಗ್ ಲೋಕವನ್ನು ಬೆಚ್ಚಿಬೀಳಿಸಿತು. ಕಾಂಕ್ರೀಟ್ ಕಳಪೆಯಾಗಿರಲಿಲ್ಲ. ವಿನ್ಯಾಸದ ಲೆಕ್ಕಕ್ಕೆ ಬಳಸಿದ್ದು ನಾಸ್ಟ್ರಾನ್ ಎಂಬ, ಅಮೆರಿಕದ ನಾಸಾ ಸಂಸ್ಥೆಯಲ್ಲಿ ಹುಟ್ಟಿ ವಿಮಾನೋದ್ಯಮದಲ್ಲಿ ಹೆಸರು ಗಳಿಸಿದ್ದ ತಂತ್ರಾಂಶ. ಅದೂ ಕೆಟ್ಟಿರಲಿಲ್ಲ, ಕೊಟ್ಟ ಸಮೀಕರಣಗಳನ್ನು ಸರಿಯಾಗಿಯೇ ಬಿಡಿಸಿತ್ತು. ಆದರೆ ಗೋಡೆಯ ತುದಿಯಲ್ಲಿ ಅದನ್ನು ಕತ್ತರಿಸಲು ಹವಣಿಸುವ ಬಲ, ಎಂಜಿನಿಯರುಗಳ ಮಾತಿನಲ್ಲಿ ಶಿಯರ್ ಬಲ, ಎಷ್ಟಿದೆ ಎಂದು ಆ ಲೆಕ್ಕದಿಂದ ಹೆಕ್ಕಿ ತೆಗೆದ ಸಂಖ್ಯೆ ನಿಜಕ್ಕಿಂತ ಸುಮಾರು ಶೇ. 47ರಷ್ಟು ಕಡಿಮೆಯಿತ್ತು. ಒರಟಾದ ಮಾದರಿ ಮತ್ತು ಅದರಿಂದ ಉತ್ತರವನ್ನು ಓದಿಕೊಂಡ ಬಗೆ, ಇವೆರಡೂ ಸೇರಿ ಆದ ಅನಾಹುತವಿದು.

ಇಂದು ಸೇತುವೆ, ವಿಮಾನದ ರೆಕ್ಕೆ, ಕಾರಿನ ಚಾಸಿ, ಮೊಬೈಲ್ ಫೋನಿನ ಹೊರಕವಚ, ಕೃತಕ ಮಂಡಿಚಿಪ್ಪು, ಯಾವುದೇ ಇರಲಿ, ತಯಾರಾಗುವ ಮೊದಲು ಕಂಪ್ಯೂಟರಿನೊಳಗೆ ಪರೀಕ್ಷೆಗೆ ಒಳಗಾಗುತ್ತದೆ. ಇದನ್ನು ಸಿಮ್ಯುಲೇಷನ್ ಎನ್ನುತ್ತಾರೆ. ಬೆಂಗಳೂರಿನ ನೂರಾರು ಎಂಜಿನಿಯರಿಂಗ್ ಕಚೇರಿಗಳಲ್ಲಿ ಸಾವಿರಾರು ಯುವಕ ಯುವತಿಯರ ದಿನನಿತ್ಯದ ಕೆಲಸವೇ ಇದು. ಕೆಂಪು, ಹಳದಿ, ಹಸಿರು, ನೀಲಿ ಬಣ್ಣ ಬಳಿದ ಆ ಚಿತ್ರಗಳನ್ನು ಜಾಹೀರಾತುಗಳಲ್ಲಿ ಕಾಣದವರು ಕಡಿಮೆ. ಆದರೆ ಚಿತ್ರ ನೋಡಿ ಯಾರೂ ಕಂಬಿ ಕಟ್ಟುವುದಿಲ್ಲ. ಈ ಬಿಂದುವಿನಲ್ಲಿ ಒತ್ತಡ ಎಷ್ಟು, ಈ ತುದಿ ಎಷ್ಟು ಮಿಲಿಮೀಟರ್ ಬಾಗುತ್ತದೆ ಎಂಬ ಸಂಖ್ಯೆ ಬೇಕು. ಆ ಸಂಖ್ಯೆಯನ್ನು ಮಾದರಿಯೊಳಗಿಂದ ಕೇಳಿ ಪಡೆಯುವ ಕ್ರಿಯೆ ನೋಡಲು ಮೌಸ್‌ನ ಒಂದು ಕ್ಲಿಕ್ ಅಷ್ಟೆ. ಅದರ ಹಿಂದೆ ಮತ್ತೊಂದು ಲೆಕ್ಕ ನಡೆದಿರುತ್ತದೆ ಎಂಬುದು ಸುಲಭವಾಗಿ ಮರೆತುಹೋಗುತ್ತದೆ.

ತುಂಡುಗಳ ಲೆಕ್ಕ

ಈ ತಂತ್ರಾಂಶಗಳ ಅಡಿಪಾಯ ಫೈನೈಟ್ ಎಲಿಮೆಂಟ್ ವಿಧಾನ. ಆ ಹೆಸರನ್ನು 1960ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ರೇ ಕ್ಲಫ್. ಸಂಕೀರ್ಣ ಆಕಾರದ ವಸ್ತುವನ್ನು ಸಾವಿರಾರು, ಈಗ ಲಕ್ಷಾಂತರ, ಸಣ್ಣ ತುಂಡುಗಳಾಗಿ ವಿಭಜಿಸುವುದು. ತುಂಡುಗಳು ಕೂಡುವ ಮೂಲೆಗಳನ್ನು ನೋಡ್ ಎಂದು ಕರೆದು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುವುದು. ಹೊರೆ ಬಿದ್ದಾಗ ಪ್ರತಿ ನೋಡ್ ಎಷ್ಟು ಸರಿಯುತ್ತದೆ ಎಂದು ಲೆಕ್ಕ ಹಾಕುವುದು. ಕಂಪ್ಯೂಟರ್ ಸಾಮಾನ್ಯವಾಗಿ ನೇರವಾಗಿ ಕಂಡುಹಿಡಿಯುವುದು ಈ ಸರಿತವನ್ನು ಮಾತ್ರ.

ಎಂಜಿನಿಯರಿಗೆ ಮುಖ್ಯವಾಗಿ ಬೇಕಾದದ್ದು ವಸ್ತುವಿನ ಒಳಗಿನ ಒತ್ತಡ, ಅಂದರೆ ಸ್ಟ್ರೆಸ್. ಅದನ್ನು ಸರಿತದಿಂದ ಎರಡನೆಯ ಹಂತದಲ್ಲಿ ಪಡೆಯಬೇಕು. ಅದು ಹೆಚ್ಚು ನಿಖರವಾಗಿ ಸಿಗುವುದು ಪ್ರತಿ ತುಂಡಿನ ಒಳಗಿರುವ ಕೆಲವು ನಿರ್ದಿಷ್ಟ ಬಿಂದುಗಳಲ್ಲಿ. ಮೂಲೆಗಳಲ್ಲಲ್ಲ, ಅಂಚಿನಲ್ಲೂ ಅಲ್ಲ. ಆದರೆ ಒಡೆಯುವುದು, ಬಿರಿಯುವುದು ಬಹುಪಾಲು ಶುರುವಾಗುವುದು ಅಂಚಿನಲ್ಲೇ! ಆದ್ದರಿಂದ ಒಳಗಿನ ಬಿಂದುಗಳ ಮೌಲ್ಯವನ್ನು ಮೂಲೆಯವರೆಗೆ ಎಳೆದು ಅಂದಾಜು ಮಾಡಲಾಗುತ್ತದೆ. ಒಂದೇ ಮೂಲೆಗೆ ನಾಲ್ಕು ತುಂಡುಗಳು ತಾಗಿದ್ದರೆ ನಾಲ್ಕು ಬೇರೆ ಬೇರೆ ಮೌಲ್ಯಗಳು ಬರುತ್ತವೆ. ಅವುಗಳ ಸರಾಸರಿ ತೆಗೆದು, ಬಣ್ಣ ಬಳಿದು, ಪರದೆಯ ಮೇಲೆ ತೋರಿಸಲಾಗುತ್ತದೆ. ಕ್ಲಿಕ್ ಮಾಡಿದಾಗ ಕಾಣುವ ಸಂಖ್ಯೆ ಇಷ್ಟು ಮೆಟ್ಟಿಲುಗಳನ್ನು ಇಳಿದು ಬಂದದ್ದು.

ಕಾಗದದ ರಾಶಿಯಿಂದ ಕ್ಲಿಕ್‌ವರೆಗೆ

ಮೊದಲ ದಿನಗಳಲ್ಲಿ ಕೇಳುವ ಮಾತೇ ಇರಲಿಲ್ಲ. ಮಾದರಿಯನ್ನು ಪಂಚ್ ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟರೆ ಉತ್ತರ ಲೈನ್ ಪ್ರಿಂಟರಿನಿಂದ ಕಾಗದದ ರಾಶಿಯಾಗಿ ಹೊರಬರುತ್ತಿತ್ತು. ಬೇಕಾದ ನೋಡ್‌ನ ಸಂಖ್ಯೆಯನ್ನು ಬೆರಳಿಟ್ಟು ಹುಡುಕಬೇಕು. ಅದರಲ್ಲೊಂದು ಅನುಕೂಲವೂ ಇತ್ತು: ಹುಡುಕುವವನ ಕಣ್ಣು ಅಕ್ಕಪಕ್ಕದ ಸಂಖ್ಯೆಗಳ ಮೇಲೂ ಹಾಯುತ್ತಿತ್ತು.

ಜಾನ್ ಸ್ವಾನ್ಸನ್ ಅವರು 1970ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಆರಂಭಿಸಿದ ಕಂಪನಿಯ ‘ಆನ್ಸಿಸ್’ ಮತ್ತು ಅದರ ಓರಗೆಯ ತಂತ್ರಾಂಶಗಳು ಬೆಳೆದಂತೆ, ಚಿತ್ರ ತೋರುವ ಪರದೆಗಳು ಬಂದವು, ಸಂವಾದ ಸಾಧ್ಯವಾಯಿತು. ಈಗ ಚಿತ್ರದ ಮೇಲೆ ಒಂದೆಡೆ ಒತ್ತಿದರೆ ಆ ಜಾಗದ ಸರಿತ, ಒತ್ತಡ, ಉಷ್ಣತೆ ಕಾಣಿಸುತ್ತದೆ. ಒಂದು ಗೆರೆ ಎಳೆದರೆ ಆ ಗೆರೆಯುದ್ದಕ್ಕೂ ಒತ್ತಡ ಹೇಗೆ ಏರಿಳಿಯುತ್ತದೆಂಬ ನಕ್ಷೆ ಬರುತ್ತದೆ. ಆನ್ಸಿಸ್‌ನಲ್ಲಿ ನಕ್ಷತ್ರ ಚಿಹ್ನೆಯಿಂದ ಶುರುವಾಗುವ ‘ಗೆಟ್’ ಎಂಬ ಆಜ್ಞೆಯೇ ಇದೆ. ಇಂತಹ ನೋಡ್ ಎಲ್ಲಿದೆ, ಮಾದರಿಯಲ್ಲಿ ಒಟ್ಟು ಎಷ್ಟು ತುಂಡುಗಳಿವೆ, ಗರಿಷ್ಠ ಒತ್ತಡ ಎಷ್ಟು ಎಂದು ಕೇಳಿದರೆ ಉತ್ತರವನ್ನು ಹೆಸರಿಟ್ಟ ಒಂದು ಪೆಟ್ಟಿಗೆಯಲ್ಲಿ ಹಾಕಿಕೊಡುತ್ತದೆ. ಮುಂದಿನ ಲೆಕ್ಕಕ್ಕೆ ಅದನ್ನು ಬಳಸಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಫಲಿತಾಂಶಕ್ಕೆ ಸಂಬಂಧಿಸಿದ್ದಲ್ಲ, ಮಾದರಿಗೆ ಸಂಬಂಧಿಸಿದ್ದು. ಅನುಭವಿ ಎಂಜಿನಿಯರ್ ಮೊದಲು ಕೇಳುವುದು ಮಾದರಿಯ ಒಟ್ಟು ತೂಕವನ್ನು. ನಿಜವಾದ ಭಾಗ ತಕ್ಕಡಿಯಲ್ಲಿ 12 ಕಿಲೋ ತೂಗುವಾಗ ಮಾದರಿ 12 ಸಾವಿರ ಕಿಲೋ ಎಂದರೆ ಅಳತೆಯ ಏಕಮಾನ ಎಲ್ಲೋ ತಪ್ಪಿದೆ. ಹಳೆಯ ಬಗೆಯ ಬಹುತೇಕ ತಂತ್ರಾಂಶಗಳಿಗೆ ಮೀಟರ್, ಮಿಲಿಮೀಟರ್ ಎಂಬುದು ತಿಳಿಯದು. ಅವಕ್ಕೆ ಬರೀ ಸಂಖ್ಯೆ ಗೊತ್ತು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋ. ಅದನ್ನೇ ಮಿಲಿಮೀಟರ್ ಮತ್ತು ಟನ್ ಲೆಕ್ಕದಲ್ಲಿ ಬರೆದರೆ 0.00000000785. ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಬಣ್ಣದ ಚಿತ್ರ ಅಷ್ಟೇ ಸುಂದರವಾಗಿರುತ್ತದೆ. ಏಕಮಾನದ ಗೊಂದಲ ಎಷ್ಟು ದುಬಾರಿ ಎಂಬುದಕ್ಕೆ 1999ರಲ್ಲಿ ನಾಸಾ ಕಳೆದುಕೊಂಡ ಮಂಗಳ ಗ್ರಹದ ನೌಕೆಯೇ ಸಾಕ್ಷಿ. ಅಲ್ಲಿ ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಎಂದು ಓದಿಕೊಂಡಿತ್ತು.

ಎರಡನೆಯ ಪ್ರಶ್ನೆ ಆಧಾರಗಳ ಬಗ್ಗೆ. ಮೇಲಿನಿಂದ ಹತ್ತು ಟನ್ ಹೊರೆ ಹಾಕಿದ್ದರೆ, ಮಾದರಿಯನ್ನು ಹಿಡಿದಿಟ್ಟ ನೋಡ್‌ಗಳಲ್ಲಿ ಹುಟ್ಟಿದ ಪ್ರತಿಬಲಗಳನ್ನೆಲ್ಲ ಕೂಡಿದಾಗ ಹತ್ತು ಟನ್ನೇ ಬರಬೇಕು. ಎರಡು ನಿಮಿಷದ ಕೆಲಸ. ಬಣ್ಣದ ಚಿತ್ರ ಕಂಡ ಉತ್ಸಾಹದಲ್ಲಿ ಹೊಸಬರು ಬಿಟ್ಟುಬಿಡುವುದೂ ಇದನ್ನೇ.

ಯಾವ ದಿಕ್ಕು, ಯಾವ ಹೊರೆ, ಯಾರ ಸರಾಸರಿ?

ತಂತ್ರಾಂಶ ಸುಳ್ಳು ಹೇಳುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ. ಕೇಳುವವನಿಗೆ ತಾನು ಏನು ಕೇಳುತ್ತಿದ್ದೇನೆಂದು ತಿಳಿಯದಿದ್ದರೆ ತೊಂದರೆ ಅಲ್ಲಿಂದ ಶುರು. ಗುಂಡಗಿನ ಗ್ಯಾಸ್ ಸಿಲಿಂಡರ್ ಒಂದರ ಸುತ್ತಳತೆಯುದ್ದಕ್ಕೂ ಎಳೆಯುವ ಒತ್ತಡ ಬೇಕಾಗಿದೆ ಎಂದುಕೊಳ್ಳೋಣ. ‘ಎಕ್ಸ್ ದಿಕ್ಕಿನ ಒತ್ತಡ’ ಎಂದು ಕೇಳಿದರೆ, ಸಿಲಿಂಡರಿನ ಒಂದು ಪಕ್ಕದಲ್ಲಿ ಮಾತ್ರ ಅದು ಸುತ್ತಳತೆಯ ದಿಕ್ಕು. ಕಾಲು ಸುತ್ತು ಸರಿದರೆ ಗೋಡೆಯ ದಪ್ಪದ ದಿಕ್ಕಾಗಿಬಿಡುತ್ತದೆ. ಹತ್ತು ಬಗೆಯ ಹೊರೆಗಳ ಲೆಕ್ಕ ಒಂದೇ ಕಡತದಲ್ಲಿದ್ದಾಗ, ನೆನಪಿಲ್ಲದೆ ಮೊದಲೇ ತೆರೆದಿದ್ದ ಹೊರೆಯ ಫಲಿತಾಂಶವನ್ನೇ ಓದಿಕೊಂಡು ವರದಿ ಬರೆಯುವುದೂ ಉಂಟು. ಮೌಸ್ ಒತ್ತಿದ ಜಾಗವೂ ಅಷ್ಟೆ: ಬೆರಳು ಒಂದೆಡೆ ಒತ್ತಿದರೂ ತಂತ್ರಾಂಶ ಹತ್ತಿರದ ನೋಡ್‌ಗೆ ಜಿಗಿದು ಅದರ ಮೌಲ್ಯ ಕೊಡಬಹುದು, ಹಿಂಬದಿಯ ಗೋಡೆಯ ನೋಡ್ ಸಿಕ್ಕಿಬೀಳುವುದೂ ಇದೆ.

ಸರಾಸರಿಯ ವಿಷಯ ಇನ್ನಷ್ಟು ಸೂಕ್ಷ್ಮ. ಪಕ್ಕಪಕ್ಕದ ತುಂಡುಗಳ ಮೌಲ್ಯಗಳು 100 ಮತ್ತು 104 ಆಗಿದ್ದರೆ ಸರಾಸರಿ 102 ಎನ್ನಲು ಅಡ್ಡಿಯಿಲ್ಲ. ಒಂದು 60, ಇನ್ನೊಂದು 144 ಆಗಿದ್ದರೂ ಸರಾಸರಿ 102ವೇ. ಎರಡನೆಯದು, ಅಲ್ಲಿ ತುಂಡುಗಳು ತೀರಾ ದೊಡ್ಡವಾಗಿವೆ ಎಂಬ ಮುನ್ಸೂಚನೆ. ಸರಾಸರಿ ಮಾಡದ ಚಿತ್ರ ಕೇಳಿದರೆ ಬಣ್ಣಗಳು ತುಂಡುತುಂಡಾಗಿ ಒಡೆದು ಕಾಣುತ್ತವೆ, ಅಂದಗೆಡುತ್ತದೆ. ಗ್ರಾಹಕರಿಗೆ ತೋರಿಸಲು ನಯವಾದ ಚಿತ್ರ ಒಳ್ಳೆಯದಿರಬಹುದು. ಪರೀಕ್ಷಿಸುವವನು ನೋಡಬೇಕಾದದ್ದು ಈ ಅಂದಗೆಟ್ಟ ಚಿತ್ರವನ್ನು.

ಇದಕ್ಕೆ ಪ್ರತಿಯಾದ ತಪ್ಪೂ ಒಂದಿದೆ. ಒಳಮುಖವಾದ ಚೂಪು ಮೂಲೆಯಲ್ಲಿ ತುಂಡುಗಳನ್ನು ಚಿಕ್ಕದು ಮಾಡಿದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಅದು ಗಣಿತದ ಸ್ವಭಾವ, ನಿಜವಾದ ಉಕ್ಕಿನದ್ದಲ್ಲ. ‘ಗರಿಷ್ಠ ಎಷ್ಟು’ ಎಂದು ಕೇಳಿ ಆ ಕೆಂಪು ಚುಕ್ಕೆಯ ಸಂಖ್ಯೆಯನ್ನು ನಂಬಿ ದಪ್ಪ ಹೆಚ್ಚಿಸುತ್ತಾ ಹೋದರೆ ವಸ್ತು ಭಾರವಾಗುತ್ತದೆಯೇ ಹೊರತು ಭದ್ರವಾಗುವುದಿಲ್ಲ.

ಬಾಗಿದ ಗೆರೆ

ಸ್ಲೈಪ್ನರ್‌ನಲ್ಲಿ ನಡೆದದ್ದು ಇಂಥದೇ ಪ್ರಶ್ನೆಯ ಎಡವಟ್ಟು. ಮೂರು ಲೋಟಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ ನಡುವೆ ಮುಮ್ಮೂಲೆಯ ಸಂದು ಉಳಿಯುತ್ತದೆ. ಕಾಂಕ್ರೀಟ್ ಕೋಶಗಳ ನಡುವಿನ ಇಂತಹ ಸಂದುಗಳು ಮೇಲ್ಭಾಗದಲ್ಲಿ ಸಮುದ್ರಕ್ಕೆ ತೆರೆದುಕೊಂಡಿದ್ದವು. ರಚನೆ ಕೆಳಗಿಳಿದಂತೆ ಅವುಗಳಲ್ಲಿ ನೀರಿನ ಒತ್ತಡ ಏರುತ್ತದೆ. 65 ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 65 ಟನ್! ಪಕ್ಕದ ಕೋಶದೊಳಗಿನ ನೀರಿನ ಮಟ್ಟ ಅಷ್ಟಿಲ್ಲದ್ದರಿಂದ ಈ ಹೊರೆಯನ್ನು ಗೋಡೆಯೇ ತಾಳಿಕೊಳ್ಳಬೇಕು.

ಎರಡೂ ತುದಿ ಬಿಗಿದ, ಉದ್ದಕ್ಕೂ ಸಮನಾಗಿ ಹೊರೆ ಬಿದ್ದ ತೊಲೆಯಂತೆ ಆ ಗೋಡೆ. ಇಂತಹ ತೊಲೆಯಲ್ಲಿ ಶಿಯರ್ ಬಲ ನಡುವೆ ಸೊನ್ನೆಯಿದ್ದು, ತುದಿಯತ್ತ ನೇರ ಗೆರೆಯಲ್ಲಿ ಏರುತ್ತಾ ತುದಿಯಲ್ಲಿ ಒಟ್ಟು ಹೊರೆಯ ಅರ್ಧದಷ್ಟಾಗುತ್ತದೆ. ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಯೂ ಬಲ್ಲ ಲೆಕ್ಕ. ಆದರೆ ಮಾದರಿಯಲ್ಲಿ ಆ ಭಾಗವನ್ನು ಕೆಲವೇ ದೊಡ್ಡ ತುಂಡುಗಳಲ್ಲಿ, ಅದೂ ಓರೆಯಾಗಿ ಎಳೆದ ತುಂಡುಗಳಲ್ಲಿ ಕಟ್ಟಲಾಗಿತ್ತು. ತುದಿಯ ಮೌಲ್ಯವನ್ನು ಪಡೆಯಲು ತುಂಡುಗಳ ಒಳಗಿನ ಬಿಂದುಗಳ ಮೂಲಕ ನೇರ ಗೆರೆಯ ಬದಲು ಬಾಗಿದ ಗೆರೆಯನ್ನು, ಗಣಿತದ ಪ್ಯಾರಾಬೊಲವನ್ನು, ಹಾಯಿಸಲಾಯಿತು. ಗೆರೆ ತುದಿಯ ಬಳಿ ಕೆಳಕ್ಕೆ ಬಾಗಿತು. ಬಲ ಎಲ್ಲಿ ಅತಿ ಹೆಚ್ಚಿರಬೇಕೋ ಅಲ್ಲಿ ಅರ್ಧದಷ್ಟೇ ತೋರಿತು. ಆ ಸಂಖ್ಯೆಯನ್ನು ನಂಬಿ ಕಬ್ಬಿಣದ ಕಂಬಿಗಳನ್ನು ನಿಗದಿಪಡಿಸಲಾಯಿತು. ಸಂದಿನ ಮೂಲೆಯ ಅಡ್ಡಕಂಬಿಗಳು ಸಾಕಷ್ಟು ಉದ್ದವೂ ಇರಲಿಲ್ಲ. ದುರಂತದ ನಂತರ ಹೆಚ್ಚು ಎಚ್ಚರಿಕೆಯಿಂದ ಮಾಡಿದ ಲೆಕ್ಕ, ಈ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದಿತು. ನಿಜವಾಗಿ ಒಡೆದದ್ದು 65ರಲ್ಲಿ.

ಅದೇ ಮಾದರಿಗೆ ಇನ್ನೊಂದು ಪ್ರಶ್ನೆ ಹಾಕಬಹುದಿತ್ತು: ಗೋಡೆಯ ಮೇಲೆ ಬಿದ್ದ ಒಟ್ಟು ನೀರಿನ ಹೊರೆಗೂ ಎರಡು ತುದಿಗಳಲ್ಲಿ ಓದಿದ ಬಲಕ್ಕೂ ತಾಳೆಯಾಗುತ್ತದೆಯೇ? ಆಗುತ್ತಿರಲಿಲ್ಲ. ಅರ್ಧದಷ್ಟು ಹೊರೆ ಎಲ್ಲಿ ಹೋಯಿತೆಂದು ಯಾರಾದರೂ ಕೇಳಲೇಬೇಕಾಗುತ್ತಿತ್ತು. ಅನಿಲ ಪೂರೈಕೆಯ ಒಪ್ಪಂದ ಎದುರಿಗಿದ್ದುದರಿಂದ ಹೊಸ ತಳಭಾಗವನ್ನು ಕೂಡಲೇ ಕಟ್ಟಬೇಕಾಯಿತು. ಕಂಪ್ಯೂಟರಿನ ಹೊಸ ಲೆಕ್ಕ ಬರುವವರೆಗೆ ಕಾಯದೆ, ಕಂಪ್ಯೂಟರ್ ಪೂರ್ವ ಕಾಲದ ಕೈಲೆಕ್ಕದಿಂದಲೇ ವಿನ್ಯಾಸ ಆರಂಭಿಸಿದರು. ಆ ವೇದಿಕೆ 1993ರಲ್ಲಿ ಕೆಲಸ ಶುರುಮಾಡಿತು.

ಈಗ ಕ್ಲಿಕ್ ಮಾಡುವ ಕೆಲಸವೂ ಕಡಿಮೆಯಾಗುತ್ತಿದೆ. ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಕಾರ್ಯಕ್ರಮವೊಂದು ರಾತ್ರಿಯಿಡೀ ನೂರು ವಿನ್ಯಾಸಗಳ ಫಲಿತಾಂಶ ತೆರೆದು, ಸಂಖ್ಯೆ ಹೆಕ್ಕಿ, ಬೆಳಗಾಗುವಷ್ಟರಲ್ಲಿ ಪಟ್ಟಿ ಸಿದ್ಧಪಡಿಸಿರುತ್ತದೆ. ಇಲ್ಲಿ ಹೊಸ ಅಪಾಯವೊಂದಿದೆ. ‘4512ನೇ ನೋಡ್‌ನ ಒತ್ತಡ ಕೊಡು’ ಎಂದು ಒಮ್ಮೆ ಬರೆದಿಟ್ಟರೆ, ಆಕಾರ ಬದಲಾಗಿ ತುಂಡುಗಳನ್ನು ಮತ್ತೆ ಮಾಡಿದಾಗ 4512 ಎಂಬ ಸಂಖ್ಯೆ ಬೇರೆಲ್ಲೋ ಇರುವ ನೋಡ್‌ಗೆ ಸಿಕ್ಕಿರುತ್ತದೆ. ಕಾರ್ಯಕ್ರಮ ತಕರಾರು ಮಾಡುವುದಿಲ್ಲ, ಆ ಬೇರೆ ಜಾಗದ ಒತ್ತಡವನ್ನು ಶ್ರದ್ಧೆಯಿಂದ ತಂದುಕೊಡುತ್ತದೆ. ಹೀಗಾಗಿ ಬೇಕಾದ ಜಾಗಕ್ಕೆ ಸಂಖ್ಯೆಯ ಬದಲು ಹೆಸರಿಟ್ಟು ಆ ಹೆಸರಿನಿಂದಲೇ ಕೇಳುವ, ವರದಿಯ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ಹೊರೆಯದು, ಯಾವ ದಿಕ್ಕಿನದು, ಸರಾಸರಿಯೋ ಅಲ್ಲವೋ, ತುಂಡಿನ ಗಾತ್ರ ಎಷ್ಟಿತ್ತು ಎಂದು ನಮೂದಿಸುವ ಪದ್ಧತಿಯನ್ನು ಎಚ್ಚರಿಕೆಯ ಕಚೇರಿಗಳು ಇಟ್ಟುಕೊಂಡಿವೆ.