ಉಳಿದದ್ದು ಒಂದೇ ಜಾಗ

ಗಂಟಲ ಮೇಲೆ ಬೆರಳಿಟ್ಟು ಒಮ್ಮೆ 'ಆ' ಎನ್ನಿ. ಬೆರಳಿಗೆ ತಾಗುವ ಆ ನಡುಕ ಹುಟ್ಟುವುದು ಎರಡು ಪುಟ್ಟ ಮಡಿಕೆಗಳಿಂದ. ಹೆಂಗಸರಲ್ಲಿ ಅವುಗಳ ಉದ್ದ ಸುಮಾರು ಒಂದೂಕಾಲು ಸೆಂಟಿಮೀಟರು, ಒಂದು ಕಡಲೆಬೀಜದಷ್ಟು. ಆರ್ಕೆಸ್ಟ್ರಾದವರು ಶ್ರುತಿ ಕೂಡಿಸಿಕೊಳ್ಳುವ 440 ಹರ್ಟ್ಜ್ ಸ್ವರವನ್ನು ಹಾಡುವಾಗ ಅವು ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡಿಯುತ್ತವೆ.

ಈ ಲೆಕ್ಕ ತಲೆಗೆ ಹೊಕ್ಕಮೇಲೆ 'ದಿ ವಾಯ್ಸ್' ಕಾರ್ಯಕ್ರಮವನ್ನು ಮೊದಲಿನಂತೆ ನೋಡಲು ನನಗೆ ಆಗುತ್ತಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ, 2011ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಗೆ ಬಂದ ಸ್ಪರ್ಧೆ ಇದು. ಅದರ ಬ್ಲೈಂಡ್ ಆಡಿಷನ್‌ನಲ್ಲಿ ಹಾಡುವವರ ಕಣ್ಣಿಗೆ ಬೀಳುವುದು ನಾಲ್ಕು ಕೆಂಪು ಕುರ್ಚಿಗಳ ಬೆನ್ನು ಮಾತ್ರ. ಕೈಯಲ್ಲಿರುವುದು ಸುಮಾರು 90 ಸೆಕೆಂಡು. ನಡುವಿನ ಉಸಿರು, ವಾದ್ಯದ ಸದ್ದು ಎಲ್ಲ ಕಳೆದು 60 ಸೆಕೆಂಡು ಅದೇ ಎತ್ತರದಲ್ಲಿ ಹಾಡಿದರೂ ಆ ಕಡಲೆಬೀಜದಷ್ಟು ಮಡಿಕೆಗಳು 26,400 ಸಲ ಬಡಿದುಕೊಂಡಿರುತ್ತವೆ. ಅಷ್ಟರಲ್ಲಿ, ಆ ಕುರ್ಚಿಗಳಲ್ಲಿ ಬೆನ್ನು ತಿರುಗಿಸಿ ಕೂತ ಕೋಚ್‌ಗಳಲ್ಲಿ ಒಬ್ಬರಾದರೂ ಬಟನ್ ಒತ್ತಬೇಕು. ಒತ್ತಿದರೆ ಕುರ್ಚಿ ಗಿರ್ರನೆ ತಿರುಗುತ್ತದೆ, 'ನೀನು ನನಗೆ ಬೇಕು' ಎಂಬ ಇಂಗ್ಲಿಷ್ ಅಕ್ಷರಗಳು ಬೆಳಗುತ್ತವೆ. ಯಾರೂ ಒತ್ತದಿದ್ದರೆ ಅಲ್ಲಿಗೆ ಮುಗಿಯಿತು.

ತೊಂಬತ್ತು ಸೆಕೆಂಡು ಎಷ್ಟು ಕಡಿಮೆ ಎಂದು ಧಾರವಾಡದ ಕಡೆ ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. ಅತಿ ವಿಲಂಬಿತ ಏಕತಾಲದ ಒಂದೇ ಆವರ್ತನ ಮುಗಿದು ಮತ್ತೆ ಮೊದಲ ಮಾತ್ರೆಯಾದ ಸಮ್ ತಲುಪಲು ಮುಕ್ಕಾಲು ನಿಮಿಷಕ್ಕೂ ಮೀರಿ ಹಿಡಿಯುವುದುಂಟು. ಎರಡು ಸಲ ಸಮ್‌ಗೆ ಬರುವುದರೊಳಗೆ ಇಲ್ಲಿ ಒಂದು ಬದುಕಿನ ದಿಕ್ಕೇ ತೀರ್ಮಾನವಾಗಿಬಿಟ್ಟಿರುತ್ತದೆ.

ಆ ಕುರ್ಚಿಗಳ ಬೆನ್ನಿನಾಚೆ ಎಷ್ಟು ಕಿವಿಗಳು! 2012ರ ಫೆಬ್ರವರಿ 5ರಂದು, ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯ ಮುಗಿದ ಬೆನ್ನಿಗೇ ಎರಡನೆಯ ಸೀಸನ್ ಶುರುವಾಯಿತು. ಆ ರಾತ್ರಿ ನೋಡಿದವರು ಸುಮಾರು 3.76 ಕೋಟಿ ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿ ಹತ್ತು ಮಂದಿಯಲ್ಲಿ ಆರು ಮಂದಿ ಒಂದೇ ಹೊತ್ತಿಗೆ ಟಿವಿ ಮುಂದೆ ಕೂತಂತೆ. ಅಷ್ಟು ಜನ ಹಾಡುವವರ ಮುಖವನ್ನೂ ನೋಡುತ್ತಿದ್ದರು. ನೋಡಲಾಗದೆ ಕೂತವರು ನಾಲ್ವರು ಕೋಚ್‌ಗಳು, ತೀರ್ಪು ಅವರದೇ.

ನೋಡದೆ ಕೇಳುವುದು ಟಿವಿಯವರು ಕಂಡುಹಿಡಿದದ್ದಲ್ಲ. 1970ರಲ್ಲಿ ಅಮೆರಿಕದ ಐದು ದೊಡ್ಡ ಸಿಂಫನಿ ಆರ್ಕೆಸ್ಟ್ರಾಗಳಲ್ಲಿ ಹೆಂಗಸರು ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರು. 1997ರ ಹೊತ್ತಿಗೆ ಅದು 25ಕ್ಕೆ ಏರಿತ್ತು. ಆ ನಡುವೆ ಆಡಿಷನ್‌ಗೆ ಪರದೆ ಕಟ್ಟುವ ರೂಢಿ ಹರಡಿತ್ತು. ಕೆಲವೆಡೆ ವೇದಿಕೆಗೆ ರತ್ನಗಂಬಳಿಯನ್ನೂ ಹಾಸುತ್ತಿದ್ದರು, ಹೈಹೀಲ್ಡ್ ಚಪ್ಪಲಿಯ ಟಕಟಕ ಬಂದವರು ಹೆಂಗಸೆಂದು ಹೇಳಿಬಿಡಬಾರದಲ್ಲ! ಸಂಗೀತ ಶಾಲೆಗಳಲ್ಲಿ ಹುಡುಗಿಯರ ಸಂಖ್ಯೆಯೂ ಏರಿತ್ತು, ಪರದೆಯೊಂದೇ ಕಾರಣವಲ್ಲ. ಆದರೆ ಅರ್ಥಶಾಸ್ತ್ರಜ್ಞೆಯರಾದ ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಏರಿಕೆಯಲ್ಲಿ ಪರದೆಗೂ ಪಾಲು ಕೊಟ್ಟಿತು. ಆ ರತ್ನಗಂಬಳಿಯನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ಮತ್ತೆ 'ದಿ ವಾಯ್ಸ್' ವೇದಿಕೆಗೆ ಬಂದರೆ, ನಾಲ್ಕು ಕುರ್ಚಿ, ಒಂದೊಂದಕ್ಕೂ ಎರಡೇ ದಾರಿ: ತಿರುಗುವುದು, ತಿರುಗದಿರುವುದು. ಒಟ್ಟು 16 ಸಾಧ್ಯತೆ. ಹಾಡಿದವರು ಮನೆಗೆ ಹೋಗಬೇಕಾದದ್ದು ಅದರಲ್ಲಿ ಒಂದರಲ್ಲೇ, ನಾಲ್ಕೂ ಬೆನ್ನುಗಳು ಹಾಗೇ ಉಳಿದಾಗ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ವೇದಿಕೆಯ ಮೇಲೆ ಹಾಗಲ್ಲ, ಏಕೆಂದರೆ ಪ್ರತಿ ಕೋಚ್‌ನ ತಂಡದ ಜಾಗಗಳು ತುಂಬುತ್ತಾ ಹೋಗುತ್ತವೆ. ತಂಡ ತುಂಬಿದ ಕೋಚ್ ಎಷ್ಟೇ ಚೆನ್ನಾದ ದನಿ ಕೇಳಿದರೂ ತಿರುಗುವಂತಿಲ್ಲ.

2017ರ ಹನ್ನೆರಡನೆಯ ಸೀಸನ್‌ನಲ್ಲಿ ತಂಡಕ್ಕೆ 12ರಂತೆ 48 ಜಾಗ. ಕೋಚ್‌ಗಳಾದ ಆಡಮ್ ಲೆವಿನ್, ಬ್ಲೇಕ್ ಶೆಲ್ಟನ್, ಗ್ವೆನ್ ಸ್ಟೆಫಾನಿ ಮೂವರ ತಂಡವೂ ಭರ್ತಿ. ನಾಲ್ಕನೆಯ ಕೋಚ್ ಅಲಿಶಿಯಾ ಕೀಸ್ ಬಳಿ ಒಂದು ಜಾಗ ಮಿಕ್ಕಿತ್ತು. ಟೆನೆಸ್ಸಿಯ ನಾಕ್ಸ್‌ವಿಲ್‌ನಿಂದ ಬಂದ ಕ್ರಿಸ್ ಬ್ಲೂ ಸರದಿ ಕಟ್ಟಕಡೆಯದು. 47 ಮಂದಿ ಆಗಲೇ ಒಳಗಿದ್ದರು. ಅವನ ಮುಂದೆ ಬೆನ್ನು ನಾಲ್ಕಿದ್ದರೂ ತಿರುಗಬಹುದಾದ ಕುರ್ಚಿ ಒಂದೇ. ಅಲಿಶಿಯಾ ಬಟನ್ ಒತ್ತಿದರು. ಮೇ 23ರಂದು ಆ ಸೀಸನ್ ಗೆದ್ದವನು ಅವನೇ, ನಲವತ್ತೆಂಟನೆಯವನು.