ಕೀ ಒಳಗಿದೆ, ಕಾರು ಎಲ್ಲಿ?

ಕೀ ಟೇಬಲ್ ಮೇಲೇ ಇದೆ.
ಗಾಜು ಒಡೆದಿಲ್ಲ, ಸದ್ದೂ ಆಗಿಲ್ಲ.
ಆದ್ರೆ ಅಂಗಳದಲ್ಲಿ ಕಾರೇ ಇಲ್ಲ!
ಹೇಗೆ ಸಾಧ್ಯ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದವರೇ,
ಕಬ್ಬಿನ ದುಡ್ಡು ಕೂಡಿಸಿ ಬಟನ್ ಸ್ಟಾರ್ಟ್ ಕಾರು ತಗೊಂಡಿದ್ದೀರಾ?
ಹಾಗಾದ್ರೆ ಕೇಳಿ.

ಕಾರು ರೇಡಿಯೋ ಅಲೆಯಲ್ಲಿ ಕರೆಯುತ್ತೆ.
ಹತ್ತಿರ ಇರೋ ಕೀ ಓಗೊಡುತ್ತೆ.
ಬಾಗಿಲು ತೆರೆಯುತ್ತೆ.

ಈಗ ಕಳ್ಳರು ಇಬ್ಬರು.
ಒಬ್ಬ ನಿಮ್ಮ ಮನೆ ಬಾಗಿಲ ಹತ್ರ,
ಇನ್ನೊಬ್ಬ ಕಾರಿನ ಪಕ್ಕ.
ಇಬ್ಬರ ಕೈಯಲ್ಲೂ ಒಂದೊಂದು ಯಂತ್ರ.
ಜಾತ್ರೆಯಲ್ಲಿ ಗುಡಿಯೊಳಗಿನ ಮಾತು
ಮೈಕಿನಿಂದ ಬೆಟ್ಟದ ಬುಡಕ್ಕೂ ಕೇಳುತ್ತಲ್ಲ?
ಹಂಗೇ, ನಿಮ್ಮ ಕೀ ದನಿ ಕಾರಿನ ತನಕ ಹೋಗುತ್ತೆ.
ಯಜಮಾನ ಬಂದ ಅಂತ ಕಾರು ನಂಬಿಬಿಡುತ್ತೆ!

ಕೀನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ.
ಸಿಗ್ನಲ್ ತಡೆಯೋ ಫ್ಯಾರಡೆ ಪೌಚ್‌ನಲ್ಲಿಡಿ.
ಪೌಚ್ ಹಿಡಿದು ಕಾರಿನ ಹತ್ರ ಹೋಗಿ ನೋಡಿ.
ಬಾಗಿಲು ತೆರೆದ್ರೆ ಪೌಚ್ ದಂಡ.

ಹಳೇ ಅಂಬಾಸಿಡರ್, ಪದ್ಮಿನಿ ಸಾಕಿದ್ದೀರಾ?
ಅದಕ್ಕೆ ಈ ಕಾಟ ಇಲ್ಲ.
ಆದ್ರೆ ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯೋ ಇಮ್ಮೊಬಿಲೈಸರ್ರೂ ಇಲ್ಲ.
ಬ್ಯಾಟರಿ ಲೈನಿಗೆ ಗುಟ್ಟಾಗಿ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ.
ಎಲ್ಲಿದೆ ಅಂತ ರೀಲ್ ಮಾತ್ರ ಮಾಡಬೇಡಿ!

ನಿಮಿಷಾಂಬ, ಮೇಲುಕೋಟೆ, ಹೇಮಗಿರಿ, ಆದಿಚುಂಚನಗಿರಿ,
ಎಲ್ಲೇ ನಿಲ್ಲಿಸಿದ್ರೂ ಸ್ಟೀರಿಂಗ್ ಲಾಕ್ ಹಾಕಿ,
ಹೊರಗಿನಿಂದ ಎದ್ದು ಕಾಣೋ ಅಂಥದ್ದು.
ಕಳ್ಳ ಅವಸರದವನು, ಸುಲಭದ ಕಾರು ಹುಡುಕ್ತಾನೆ.

ಕಾರು ಹೋಯ್ತಾ? ತಕ್ಷಣ 112ಕ್ಕೆ ಫೋನ್ ಮಾಡಿ.
ಕ್ಲೇಮ್‌ಗೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳ್ತಾರೆ, ಜೋಪಾನ.
ಬರೀ ಥರ್ಡ್ ಪಾರ್ಟಿ ಇದ್ರೆ
ಕಳ್ಳತನಕ್ಕೆ ಒಂದು ರೂಪಾಯಿನೂ ಬರಲ್ಲ.
ಪಾಲಿಸಿ ಇವತ್ತೇ ತೆಗೆದು ನೋಡಿ.