ಮನೆಬಾಗಿಲಿನ ಮತಯಾಚನೆ

‘ಮತ’ ಎಂಬ ಮಾತು ‘ಮನ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಆಲೋಚಿಸಿ ಮನಸ್ಸು ತಳೆದ ಅಭಿಪ್ರಾಯವೇ ಮತ. ‘ಯಾಚನೆ’ ಎಂದರೆ ಬೇಡುವುದು. ಅಕ್ಕಿಯನ್ನು ಬೇಡಬಹುದು, ಹಣವನ್ನು ಬೇಡಬಹುದು. ಅಭಿಪ್ರಾಯವನ್ನು ಬೇಡಿ ಪಡೆಯುವುದು ಹೇಗೆ? ಮನಗಾಣಿಸಿಯೇ ಪಡೆಯಬೇಕು. ಆದುದರಿಂದಲೇ ಚುನಾವಣೆಯ ಕಾಲದಲ್ಲಿ ಧ್ವನಿವರ್ಧಕವನ್ನು ಕಟ್ಟಿಕೊಂಡು ಬೀದಿಯಲ್ಲಿ ಹಾದುಹೋಗುವ ವಾಹನಕ್ಕಿಂತ, ಸಂಜೆ ಜಗಲಿಯಲ್ಲಿ ಕುಳಿತು ಮಾತನಾಡುವ ನೆರೆಮನೆಯವನಿಗೆ ಬಲ ಹೆಚ್ಚು. ಆ ಬಲ ಎಲ್ಲಿಂದ ಬಂತು, ಅದರ ಎಲ್ಲೆ ಯಾವುದು ಎಂಬುದನ್ನು ವಿಚಾರಿಸೋಣ.

ಉಡುಪಿ ಜಿಲ್ಲೆಯ ನೆಲದ ರೀತಿಯೇ ಇಂತಹ ಪ್ರಚಾರವನ್ನು ಬಯಸುತ್ತದೆ. ಪೇಟೆಗಳನ್ನು ಬಿಟ್ಟರೆ ಇಲ್ಲಿ ಮನೆಗಳು ಒತ್ತಾಗಿ ನಿಂತಿಲ್ಲ. ಒಂದೊಂದೂ ತನ್ನ ತೆಂಗು ಕಂಗುಗಳ ನಡುವೆ ಬೇರೆಯಾಗಿದೆ. ಗದ್ದೆಯ ಬದುವಿನಲ್ಲಿ ನಡೆದು, ತೋಡಿನ ಸಂಕವನ್ನು ದಾಟಿ ಹೋಗಬೇಕಾದರೆ ದಾರಿ ಬಲ್ಲವನೇ ಬೇಕು. ಭಾಷೆಯೂ ಹಾಗೆಯೇ. ಒಂದು ಮನೆಯಲ್ಲಿ ತುಳು, ಮುಂದಿನ ಮನೆಯಲ್ಲಿ ಕೊಂಕಣಿ, ಅದರಾಚೆ ಬ್ಯಾರಿ. ಅಚ್ಚಾದ ಕರಪತ್ರಕ್ಕಿಂತ ‘ಎಂಚ ಉಲ್ಲರ್?’ ಎಂಬ ಒಂದು ಮಾತು ಬೇಗ ಬಾಗಿಲು ತೆರೆಸುತ್ತದೆ.

ಊರಿನ ವೃತ್ತಿಯನ್ನೂ ಅರಿತಿರಬೇಕು. ಕಾಪುವಿನ ಕಡಲತಡಿಯಲ್ಲಿ ಮೀನುಗಾರರು ದೋಣಿಯಿಂದ ಮರಳುವ ಹೊತ್ತನ್ನು ತಿಳಿಯದೆ ಹೋದವನು ಬರಿಯ ಬಾಗಿಲನ್ನು ನೋಡಿ ಬಂದಾನು. ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು ಮನೆಯಲ್ಲಿ ಸಿಗುವುದು ಸಂಜೆಗೆ. ಮಣಿಪಾಲದಲ್ಲಿ ಓದಲೂ ದುಡಿಯಲೂ ಹೊರಗಿನಿಂದ ಬಂದವರು ಅನೇಕರು. ಅವರಲ್ಲಿ ಹಲವರ ಹೆಸರು ಇಂದಿಗೂ ಹುಟ್ಟೂರಿನ ಪಟ್ಟಿಯಲ್ಲೇ ಇರುತ್ತದೆ.

ಹೀಗೆ ಸ್ವಯಂಸೇವಕನ ಮೊದಲ ಕೆಲಸ ಭಾಷಣವಲ್ಲ, ಮತದಾರರ ಪಟ್ಟಿ. ‘ಅಕ್ಕಾ, ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೋ, ನೋಡಿದಿರಾ?’ ಎಂದು ಕೇಳುವವನು ಯಾವ ಪಕ್ಷದವನಾದರೂ ಉಪಕಾರಿಯೇ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೊಸ ಹೆಸರನ್ನು ಸೇರಿಸುವಂತಿಲ್ಲ. ಮತದಾನದ ವಾರದಲ್ಲಿ ಓಡಾಡುವವನಿಗಿಂತ ತಿಂಗಳುಗಳ ಮುಂಚೆ ಬಂದು ವಿಚಾರಿಸಿದವನೇ ಹೆಚ್ಚು ಪ್ರಯೋಜನಕಾರಿ.

ಕೆಲಸದ ಭಾರವೂ ಹೊರಲಾರದಂತಹುದಲ್ಲ. ಒಂದು ಮತಗಟ್ಟೆಗೆ 1,000 ಹೆಸರುಗಳಿವೆ ಎಂದುಕೊಳ್ಳೋಣ. ಮನೆಗೆ ಐದರಂತೆ 200 ಮನೆಗಳಾದವು. ಹತ್ತು ಮಂದಿ ಹಂಚಿಕೊಂಡರೆ ತಲೆಗೆ 20 ಮನೆ. ದಿನಕ್ಕೆ ಎರಡು ಮನೆಯಂತೆ ಹತ್ತು ಸಂಜೆಗಳ ಕೆಲಸ.

ಇದರಿಂದ ಫಲವುಂಟೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ವಿದ್ವಾಂಸರು 1998ರಲ್ಲಿ ನ್ಯೂ ಹೇವನ್ ನಗರದ ಸುಮಾರು 30,000 ಮತದಾರರ ನಡುವೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ಅಂಚೆಯ ಪತ್ರ, ಕೆಲವರಿಗೆ ದೂರವಾಣಿ ಕರೆ, ಕೆಲವರಿಗೆ ಮನೆಭೇಟಿ. ಮುಖತಃ ಮಾತನಾಡಿಸಿದವರಲ್ಲಿ ಮತದಾನದ ಪ್ರಮಾಣ ಶೇಕಡಾ ಎಂಟಕ್ಕೂ ಹೆಚ್ಚು ಅಂಶಗಳಷ್ಟು ಏರಿತು. ಪತ್ರದಿಂದ ಆದ ಲಾಭ ಅತ್ಯಲ್ಪ; ದೂರವಾಣಿಯಿಂದ ಲಾಭ ಕಾಣಲಿಲ್ಲ.

ನಮ್ಮ ಕರಾವಳಿಯ ನಿದರ್ಶನವೂ ಇದೆ. 1926ರಲ್ಲಿ ಮಂಗಳೂರಿನಲ್ಲಿ ಹುಟ್ಟಿಬೆಳೆದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತರು. ಆಗ ಉಡುಪಿ, ಕಾರ್ಕಳಗಳೂ ಮದರಾಸು ಪ್ರಾಂತಕ್ಕೇ ಸೇರಿದ್ದವು. ಹೆಂಗಸರು ಶಾಸನಸಭೆಗೆ ನಿಲ್ಲುವುದೇ ಹೊಸತಾಗಿದ್ದ ಕಾಲದಲ್ಲಿ ಅವರು ಸೋತದ್ದು ಕೆಲವೇ ಮತಗಳ ಅಂತರದಿಂದ. ಇಂತಹ ಅಂತರವನ್ನು ನೋಡಿದಾಗ, ಹೋಗದೆ ಉಳಿದ ನಾಲ್ಕು ಮನೆಗಳ ಬೆಲೆ ತಿಳಿಯುತ್ತದೆ.

ಇನ್ನು ಎಲ್ಲೆಯ ಮಾತು. ನೆರೆಯವನ ಮಾತಿಗೆ ಬೆಲೆ ಬಂದದ್ದು ಅವನು ನಾಳೆಯೂ ನಮ್ಮ ಎದುರಿಗೇ ಇರುವನೆಂಬುದರಿಂದ. ಸುಳ್ಳು ಹೇಳಿ ಊರುಬಿಟ್ಟು ಹೋಗಲು ಅವನಿಗಾಗದು. ಆದರೆ ಇದೇ ಬಲ ಬಲಾತ್ಕಾರವಾಗಲೂ ಬಹುದು. ಸಾಲ ಕೊಟ್ಟವನು, ಕೆಲಸ ಕೊಟ್ಟವನು, ದಾರಿ ಬಿಟ್ಟುಕೊಟ್ಟವನು ಮತ ಕೇಳಿದಾಗ ಬಡವನು ಏನೆಂದಾನು? ದೈವದ ಹೆಸರಿನಲ್ಲಿ ಆಣೆ ಹಾಕಿಸಿದರಂತೂ ಆ ಮನೆಯವರಿಗೆ ನಿದ್ದೆಯಿಲ್ಲ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆ ಈ ಸಂಕಟವನ್ನು ಬಲ್ಲುದು. ‘ಇಂಥವನಿಗೆ ಮತ ನೀಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುವೆ’ ಎಂದು ನಂಬಿಸುವುದು ಅದರ 123ನೆಯ ವಿಧಿಯಂತೆ ಭ್ರಷ್ಟಾಚರಣೆ. ಲಂಚ ಕೊಡುವುದು, ಜಾತಿ ಮತ ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು, ಬಾಡಿಗೆಯ ವಾಹನದಲ್ಲಿ ಮತದಾರರನ್ನು ಒಯ್ಯುವುದು ಇವೂ ಹಾಗೆಯೇ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚಿನಿಂದ ಸಭೆ, ಮೆರವಣಿಗೆಗಳು ನಿಲ್ಲಬೇಕು. ಮತದಾನದ ದಿನ ಮತಗಟ್ಟೆಯ 100 ಮೀಟರಿನೊಳಗೆ ಮತಯಾಚನೆ ಕೂಡದು. ಯಾರಿಗೆ ಮತ ಹಾಕಿದೆ ಎಂಬುದನ್ನು ಹೇಳುವಂತೆ ನ್ಯಾಯಾಲಯದ ಸಾಕ್ಷಿಯನ್ನೂ ಒತ್ತಾಯಿಸುವಂತಿಲ್ಲ. ನ್ಯಾಯಾಲಯಕ್ಕೇ ಇಲ್ಲದ ಅಧಿಕಾರ ನೆರೆಮನೆಯವನಿಗೆಲ್ಲಿಂದ ಬರಬೇಕು?

ಆದುದರಿಂದ ಬಂದವರು ತಮ್ಮ ಉಮೇದುವಾರನ ಗುಣವನ್ನು ಹೇಳಲಿ, ಪ್ರಶ್ನೆಗೆ ಉತ್ತರ ಕೊಡಲಿ, ಮಜ್ಜಿಗೆ ಕುಡಿದು ಹೋಗಲಿ. ‘ನಿಮ್ಮ ಮತ ನಮಗೇ ತಾನೆ?’ ಎಂದು ವಚನ ಕೇಳದಿರಲಿ. ಮನೆಯವರೂ ಅಷ್ಟೆ, ಎದುರು ಪಕ್ಷದವರು ಬಂದರೆಂದು ಮುಖ ತಿರುಗಿಸಬೇಕಾಗಿಲ್ಲ. ಫಲಿತಾಂಶ ಯಾವುದೇ ಬಂದರೂ, ಮರುದಿನ ಹಾಲಿನ ಸೊಸೈಟಿಯಲ್ಲಿಯೋ ಬಸ್ಸಿನಲ್ಲಿಯೋ ಇಬ್ಬರೂ ಎಂದಿನಂತೆ ಮಾತನಾಡುವಂತಿದ್ದರೆ ಆ ಪ್ರಚಾರ ಸರಿಯಾಗಿ ನಡೆದಿದೆ ಎಂದು ತಿಳಿಯಬಹುದು.